ಭಾನುಮತಿ ಹಾಕಿಸಿದ ಪಿನ್

ಪರದೇಶದ ವುಡ್‌ಲ್ಯಾಂಡ್ಸಿನ ಆ ಜಪಾನಿ ಕಾರ್ಖಾನೆಯಲ್ಲಿ ಭಾನುಮತಿಗೆ ಸಂಬಳಕ್ಕಿಂತ ಹೆಚ್ಚಾಗಿ ಬೇಕಾಗಿದ್ದದ್ದು ಒಂದು ಮೇಜು. ಗಂಡ ದತ್ತಾತ್ರೇಯ ಬ್ಯೂನಾ ವಿಸ್ಟಾದ ಆಫೀಸಿನಿಂದ ಮನೆಗೆ ಬರುತ್ತಿದ್ದ, ನಿಜ. ಆದರೆ ಕಿವಿಗೆ ಸಿಕ್ಕಿಸಿಕೊಂಡ ಫೋನಿನ ಸಮೇತ ಬರುತ್ತಿದ್ದ. ಅವನ ಅಮೆರಿಕದ ಕಾಲ್ ಮುಗಿಯುವಷ್ಟರಲ್ಲಿ ಇವಳ ಸಾರು ತಣ್ಣಗಾಗಿರುತ್ತಿತ್ತು. ಬಾಯಿತುಂಬ ಕನ್ನಡ ಅಂತ ಆಡುತ್ತಿದ್ದದ್ದು ಆ ಮೇಜಿನ ಮುಂದೆ, ಪಕ್ಕದ ಸ್ಟೂಲಿನ ಕೌಸಲ್ಯಾ ಜೊತೆ. ಕೌಸಲ್ಯಾ ಮಂಡ್ಯದವಳು, ಈಗ ಸೆಂಬವಾಂಗಿನಲ್ಲಿ ಮನೆ.

ಇಬ್ಬರ ಕೆಲಸ ತಪ್ಪು ಹುಡುಕುವುದು. ಏರ್‌ಕಂಡೀಷನರಿನ ಒಳಗೆ ಕೂರುವ, ಅಂಗೈ ಉದ್ದದ ಉಕ್ಕಿನ ಪ್ಲೇಟುಗಳು ಅಲ್ಲಿ ತಯಾರಾಗುತ್ತಿದ್ದವು. ಮೆಷಿನ್ನಿನ ಅಚ್ಚಿನಲ್ಲಿ ಪ್ಲೇಟನ್ನು ಮಗುಚಿ ಇಟ್ಟರೆ ತೂತು ತಪ್ಪು ಕಡೆಗೆ ಬೀಳುತ್ತಿತ್ತು. ಅಂಥದ್ದನ್ನು ಆರಿಸಿ ಕೆಂಪು ಡಬ್ಬಿಗೆ ಹಾಕಬೇಕು. ಕಣ್ಣು ಪ್ಲೇಟಿನ ಮೇಲಿದ್ದರೂ ಬಾಯಿ ಅತ್ತೆ, ನಾದಿನಿ, ಒಬ್ಬಟ್ಟಿನ ಹೂರಣ ಎಲ್ಲ ಸುತ್ತಿ ಬರುತ್ತಿತ್ತು.

ಮ್ಯಾನೇಜರ್ ಮೊರಿತಾ ದಿನಾ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿಕೊಂಡು ಅದದೇ ಪಾಠ ಹೇಳುತ್ತಿದ್ದರು: ತಪ್ಪು ಹುಡುಕುವುದು ಗುಣಮಟ್ಟವಲ್ಲ, ತಪ್ಪೇ ಆಗದ ಹಾಗೆ ಮಾಡುವುದು ಗುಣಮಟ್ಟ. ಯುದ್ಧದಲ್ಲಿ ನೆಲ ಕಚ್ಚಿದ ತಮ್ಮ ದೇಶ ಕಾರು, ಟೀವಿ ಮಾಡಿ ಜಗತ್ತನ್ನು ಗೆದ್ದದ್ದು ಹೀಗೇ ಅಂತೆ. ನೆಲ ಗುಡಿಸುವವರೂ ಸುಧಾರಣೆ ಸೂಚಿಸಬಹುದಂತೆ. ಮಿಕ್ಕವರು ತಲೆಯಾಡಿಸಿ ತಂತಮ್ಮ ಕೆಲಸಕ್ಕೆ ಹೋದರು. ಭಾನುಮತಿ ತಲೆಗೆ ಹಚ್ಚಿಕೊಂಡಳು, ಅವಳ ಗ್ರಹಚಾರ.

೨೦೧೪ರಲ್ಲಿ ಕೌಸಲ್ಯಾಗೆ ಕಣ್ಣುರಿ ಶುರುವಾಯಿತು. "ಸಾಯಂಕಾಲ ಆದ್ರೆ ಬಸ್ ನಂಬರೇ ಕಾಣಲ್ಲ ಕಣ್ರೀ ಭಾನು. ಹಿಂಗೇ ಆದ್ರೆ ಕೆಲ್ಸ ಬಿಡ್ಬೇಕಾಗತ್ತೆ."

ಕೌಸಲ್ಯಾ ಕೆಲಸ ಬಿಟ್ಟರೆ ಭಾನುಮತಿ ಮಾತಾಡುವುದು ಯಾರ ಜೊತೆ? ಮರುದಿನ ಚಟ್ನಿ ರುಬ್ಬಲು ಹೊರಟಾಗ ಹೊಳೆಯಿತು. ಮಿಕ್ಸಿ ಜಾರ್ ಹೇಗೆಂದರೆ ಹಾಗೆ ಕೂರುವುದಿಲ್ಲವಲ್ಲ! ಪ್ಲೇಟಿನ ಒಂದು ಮೂಲೆಯಲ್ಲಿ ಪುಟ್ಟ ಕಚ್ಚು ಇದೆ. ಅಚ್ಚಿನಲ್ಲಿ ಅದಕ್ಕೆ ಸರಿಯಾಗಿ ಒಂದು ಪಿನ್ ನೆಟ್ಟರೆ ಮಗುಚಿದ ಪ್ಲೇಟು ಕೂರುವುದೇ ಇಲ್ಲ.

"ತಪ್ ಪೀಸೇ ಬರಲ್ಲ ಕೌಸಲ್ಯಾ. ಕಣ್ಣಿಗೂ ರೆಸ್ಟ್. ಆರಾಮಾಗಿ ಕೂತ್ಕೊಂಡು ಮಾತಾಡ್ಬಹುದು."

"ಸೂಪರ್ ರೀ! ಮೊದ್ಲು ಮೊರಿತಾಗೆ ಹೇಳಿ."

ಪಿನ್ ನೆಟ್ಟರು. ಕೆಂಪು ಡಬ್ಬಿ ಖಾಲಿಯಾಯಿತು. ಮೊರಿತಾ ಎಲ್ಲರೆದುರು ಸೊಂಟ ಬಗ್ಗಿಸಿ ಅವಳಿಗೆ ನಮಸ್ಕಾರ ಮಾಡಿದರು, ಒಂದು ಗೋಡೆ ಗಡಿಯಾರವನ್ನೂ ಕೊಟ್ಟರು. ಮುಂದಿನ ಸೋಮವಾರ ಬಂದು ನೋಡಿದರೆ ಮೇಜೇ ಇಲ್ಲ. ತಪ್ಪೇ ಬರದ ಮೇಲೆ ಹುಡುಕುವ ಮೇಜು ಯಾಕೆ?

ಸುಧಾರಣೆಯಿಂದ ಯಾರ ಹೊಟ್ಟೆಯ ಮೇಲೂ ಹೊಡೆಯಬಾರದೆಂಬುದು ಅಲ್ಲಿನ ನಿಯಮ. ಹಾಗಾಗಿ ಭಾನುಮತಿಗೆ ಹಗಲು ಪಾಳಿಯಲ್ಲಿ ಪ್ಯಾಕಿಂಗ್, ಕೌಸಲ್ಯಾಗೆ ರಾತ್ರಿ ಪಾಳಿಯಲ್ಲಿ ಸ್ಟೋರ್. ಅದೆಷ್ಟು ಒಳ್ಳೆಯ ಜನ! ಬೈಯಬೇಕೆಂದರೂ ಒಬ್ಬ ಸಿಗುವುದಿಲ್ಲ.

ಬೆಳಿಗ್ಗೆ ಗೇಟಿನಲ್ಲಿ ಒಬ್ಬಳು ಒಳಗೆ, ಒಬ್ಬಳು ಹೊರಗೆ. "ಕಣ್ಣುರಿ ಪೂರ್ತಿ ಹೋಯ್ತು ಕಣ್ರೀ, ನಿಮ್ಮಿಂದಾನೇ!" ಎಂದು ಕೂಗಿ ಕೌಸಲ್ಯಾ ಬಸ್ಸಿಗೆ ಓಡುತ್ತಿದ್ದಳು. ಭಾನುವಾರ ಫೋನ್ ಮಾಡಿದರೆ ಅವಳ ಗಂಡ ಎತ್ತಿ, "ಮಲಗಿದ್ದಾಳೆ, ಎಬ್ಬಿಸ್ಲಾ?" ಅನ್ನುತ್ತಿದ್ದ. ಬೇಡವೆಂದು ಇವಳೇ ಇಡುತ್ತಿದ್ದಳು. ಬರಬರುತ್ತಾ ಅದೂ ನಿಂತಿತು.

"ಏನಾದರೂ ತೊಂದರೆ?" ಎಂದು ಮೊರಿತಾ ದಿನಾ ಕೇಳುತ್ತಿದ್ದರು. ಭಾನುಮತಿ ಇಲ್ಲವೆನ್ನುತ್ತಿದ್ದಳು. ಪ್ಯಾಕಿಂಗಿಗೆ ಬಂದ ಪ್ಲೇಟುಗಳನ್ನೆಲ್ಲ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ದೇವರೇ, ಒಂದಾದರೂ ತಪ್ಪು ಪೀಸ್ ಬರಲಪ್ಪ, ಆ ಮೇಜನ್ನು ವಾಪಸ್ ತಂದಿಡಲಿ ಎಂದು ಬೇಡಿಕೊಂಡಳು. ಒಂದೂ ಬರಲಿಲ್ಲ.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವಳು ಆಫ್ ಆಗಿದ್ದ ಮೆಷಿನ್ನಿನ ಹತ್ತಿರ ಹೋದಳು. ಒಂದು ಪ್ಲೇಟನ್ನು ಬೇಕೆಂದೇ ಮಗುಚಿ ಅಚ್ಚಿನಲ್ಲಿಟ್ಟು ಒತ್ತಿದಳು. ಕೂರಲಿಲ್ಲ. ಈ ತುದಿ ಆ ತುದಿ ಮಾಡಿ, ಹೆಬ್ಬೆರಳು ಕೆಂಪಾಗುವ ತನಕ ಅದುಮಿದಳು. ಪಿನ್ ಜಗ್ಗಲಿಲ್ಲ. ಕೊನೆಗೆ ಸರಿಯಾಗಿ ತಿರುಗಿಸಿ ಇಟ್ಟಳು, ಟಕ್ಕನೆ ಕೂತಿತು.

"ಚೆನ್ನಾಗೇ ಮಾಡಿದ್ದೀಯ ಕಣೇ ಭಾನು," ಎಂದಳು. ಆವತ್ತು ಅವಳು ಆಡಿದ ಕನ್ನಡ ಅಷ್ಟೇ.