ಆರನೆಯ ಬಾಟಲಿಯ ಉಪ್ಪು

ಈ ಮಧ್ಯಾಹ್ನ ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಬೇಯಿಸಿದ ಮೊಟ್ಟೆಗಳನ್ನು ಸುಲಿಯುತ್ತಿದ್ದೆ. ಒಂದು ಕೆಟ್ಟಿತ್ತು. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಕಡಲ ತಳ ನೆನಪಾಯಿತು. ನಗಬೇಡಿ. ಸಮುದ್ರವನ್ನು ಜೀವಮಾನದಲ್ಲಿ ಎರಡೇ ಸಲ, ಅದೂ ದಡದಿಂದ ಕಂಡ ವಿಜ್ಞಾನದ ಮೇಷ್ಟ್ರು ನಾನು.

ನನ್ನ ಹೆಂಡತಿಯ ತಂಗಿ ಸರಳ ಸಂಶೋಧಕಿ. ಕಡಲ ತಳದ ಬಿರುಕುಗಳಲ್ಲಿ ಬಿಸಿನೀರಿನ ಬುಗ್ಗೆಗಳಿವೆಯಂತೆ. ಆ ನೀರಿನ ಮೂಲವನ್ನು ಪತ್ತೆ ಹಚ್ಚುವುದು ಅವಳ ಕೆಲಸ. ಕೆಲವು ವರ್ಷಗಳ ಹಿಂದೆ, ಹಡಗಿನಿಂದ ಇಳಿಸಿದ ಆರು ಬಾಟಲಿ ನೀರನ್ನು ಚೆನ್ನೈನಿಂದ ಬೆಂಗಳೂರಿಗೆ ಒಯ್ಯುವಾಗ ಅವಳ ವ್ಯಾನು ನಮ್ಮ ದೇವರಾಯಸಮುದ್ರದ ಹತ್ತಿರ ಕೆಟ್ಟು ನಿಂತಿತು. ಬಾಟಲಿಗಳು ನಮ್ಮ ಫ್ರಿಜ್ಜಿನಲ್ಲಿ, ಮಜ್ಜಿಗೆಯ ಪಕ್ಕದಲ್ಲಿ ತಂಗಿದವು.

"ಭಾವ, ಮುಚ್ಚಳ ಮಾತ್ರ ಮುಟ್ಬೇಡಿ," ಎಂದು ಹೇಳಿ ಮೆಕ್ಯಾನಿಕ್ಕನ್ನು ಕರೆತರಲು ಮುಳಬಾಗಿಲಿಗೆ ಹೋದಳು.

ವಿಜ್ಞಾನದ ಮೇಷ್ಟ್ರಿಗೆ ಹೀಗೆ ಹೇಳಬಹುದೇ, ನೀವೇ ಹೇಳಿ. ಆರನೆಯದನ್ನು ತೆರೆದು ಮೂಸಿದೆ. ಕೆಟ್ಟ ಮೊಟ್ಟೆಯ ವಾಸನೆ! ಮೂಗು ಹಿಡಿದುಕೊಳ್ಳಲು ಹೋಗಿ ಕಾಲುಭಾಗ ನೆಲದ ಪಾಲಾಯಿತು.

"ಏಮ್ರಾ ಇದಿ! ಫ್ರಿಜ್ಜಲ್ಲಿ ಏನ್ಲಾ ಸತ್ತೋಗಿದೆ?" ಎಂದು ಗಡಿಯೂರಿನ ತೆಲುಗು ಬೆರೆಸಿ ಕೂಗಿದ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ನೀರು ನೀರೇ ತಾನೆ ಎಂದು ಕೆರೆಯ ಕೆಳಗಿನ, ಕೆರೆಯ ನೀರೇ ಬಸಿದು ತುಂಬುವ ನಮ್ಮ ಬಾವಿಯ ನೀರು ಸುರಿದು ಮಟ್ಟ ಸರಿಮಾಡಿದೆ. ಸಮುದ್ರ ಉಪ್ಪಲ್ಲವೇ? ಬಹಳ ಶ್ರದ್ಧೆಯಿಂದ ಒಂದು ಚಿಟಿಕೆ ಉಪ್ಪನ್ನೂ ಹಾಕಿದೆ.

ನಾಲ್ಕು ತಿಂಗಳಾದ ಮೇಲೆ ಸರಳಳ ಫೋನು. "ಭಾವ, ಒಂದು ಬಾಟಲಿ ವಿಚಿತ್ರವಾಗಿದೆ! ಸಮುದ್ರದ ಅಡೀಲಿ ಬಿಸಿಲಿಗೆ ಕಾದ ಕೆರೆ ನೀರು ಇದ್ದಂಗಿದೆ!" ನೀರಿನಲ್ಲೂ ಹಗುರದ್ದು, ಭಾರದ್ದು ಎಂದಿದೆಯಂತೆ. ಬಿಸಿಲಿಗೆ ಹಗುರದ್ದು ಮೊದಲು ಆವಿಯಾಗುತ್ತದೆ, ಭಾರದ್ದು ಉಳಿಯುತ್ತದೆ. ಅವೆರಡರ ಪ್ರಮಾಣವೇ ನೀರಿನ ಹೆಬ್ಬೆಟ್ಟಿನ ಗುರುತು. ಆ ಬಾಟಲಿಯ ಮೇಲೆ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ಒಂದು ಅಧ್ಯಾಯವನ್ನೇ ಬರೆದಿದ್ದಳು. ಮುಂದಿನ ತಿಂಗಳು ವಿದ್ವಾಂಸರ ಸಭೆಯಲ್ಲಿ ಮಂಡಿಸುವವಳಿದ್ದಳು.

ನಾನು "ಭೇಷ್" ಎಂದೆ. ಮೂರು ದಿನ ಬಾವಿಯ ಹತ್ತಿರವೇ ಸುಳಿಯಲಿಲ್ಲ.

"ಹೇಳ್ಬಿಡೋ," ಎಂದಳು ಅಮ್ಮ. "ಪಾಪ, ಅಷ್ಟು ಜನರ ಮುಂದೆ ನಮ್ ಬಾವೀನ ಸಮುದ್ರ ಅಂದ್ಬಿಡ್ತಾಳೆ."

ಹೇಳಿದೆ. ಸರಳ ಫೋನು ಇಟ್ಟುಬಿಟ್ಟಳು. ಮರುದಿನ ಬೆಳಗಿನ ಬಸ್ಸಿಗೆ ಬಂದಿಳಿದವಳು ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಬೆರೆತದ್ದನ್ನು ಲೆಕ್ಕದಲ್ಲಿ ಕಳೆಯಬಹುದೇ ಎಂದು ನೋಡಲು ಬಾವಿಯ ನೀರನ್ನು ಶೀಸೆಗೆ ತುಂಬಿಕೊಂಡಳು. ಆಮೇಲೆ ಪುಟ್ಟ ತಕ್ಕಡಿಯೊಂದನ್ನು ಅಡುಗೆಮನೆಯ ನೆಲದ ಮೇಲಿಟ್ಟು, "ಅವತ್ತು ಹಾಕಿದಂಗೇ ಒಂದು ಚಿಟಿಕೆ ಹಾಕಿ," ಎಂದಳು. ಹಾಕಿದೆ. "ಇನ್ನೊಂದ್ಸಲ." ಇಪ್ಪತ್ತು ಸಲ ಹಾಕಿಸಿದಳು. ಒಂದರಂತೆ ಇನ್ನೊಂದು ಬರಲಿಲ್ಲ.

"ಕದ್ದು ಹಾಕೋವಾಗ ಚಿಟಿಕೆ ಸ್ವಲ್ಪ ದೊಡ್ಡದಾಗಿತ್ತೇನೋ," ಎಂದೆ.

ಅವಳು ಅಲ್ಲೇ ಕುಸಿದು ಕೂತು ನಗತೊಡಗಿದಳು. ನಿಲ್ಲಿಸಲು ಅಮ್ಮ ನೀರು ಕೊಡಬೇಕಾಯಿತು.

ಆ ಅಧ್ಯಾಯ ಹೋಯಿತು. ಉಳಿದ ಐದು ಬಾಟಲಿಗಳೇ ಅವಳಿಗೆ ಡಾಕ್ಟರೇಟು ತಂದವು. ಆರನೆಯದಕ್ಕೆ ಪ್ರಬಂಧದಲ್ಲಿ ಒಂದೇ ಸಾಲು: ಬಾವಿ ನೀರು ಬೆರೆತದ್ದರಿಂದ ಕೈಬಿಡಲಾಗಿದೆ. "ನಮ್ ಬಾವಿ ಪುಸ್ತಕದಲ್ಲಿ ಬಂದೈತೆ," ಎಂದು ಅಮ್ಮ ಬೈರಕೂರಿನ ನೆಂಟರಿಗೆಲ್ಲ ಹೇಳಿಕೊಂಡು ಬಂದಳು.

ಮೊಟ್ಟೆ ಹಂಚಿ ಮುಗಿಸಿ ಪ್ರಯೋಗದ ಪುಸ್ತಕಗಳನ್ನು ತಿದ್ದಲು ಕೂತೆ. ನೀರು ಕುದಿಯುವ ಉಷ್ಣತೆ: ಇಡೀ ತರಗತಿ ನೂರು ಎಂದು ಬರೆದಿತ್ತು. ಗೌತಮಿ ಎಂಬ ಹುಡುಗಿ ಮಾತ್ರ ತೊಂಬತ್ತೇಳು.

"ಯಾಕಮ್ಮ?"

"ಥರ್ಮಾಮೀಟರ್ ಅಷ್ಟೇ ತೋರಿಸ್ತು ಸಾರ್. ಅವ್ರಿಗೂ ಅಷ್ಟೇ ತೋರಿಸ್ತು."

ನಮ್ಮೂರಿನ ಎತ್ತರದಲ್ಲಿ ನೀರು ಕುದಿಯುವುದೂ ಸುಮಾರು ಅಷ್ಟಕ್ಕೇ. ಇಷ್ಟು ವರ್ಷ ಕೆಂಪು ಪೆನ್ನಿನಿಂದ ಅದನ್ನು ನೂರು ಮಾಡುತ್ತ ಬಂದವನು ನಾನು. ಪುಸ್ತಕಗಳನ್ನೆಲ್ಲ ವಾಪಸು ಕೊಟ್ಟೆ.

"ಸ್ಟವ್ ಹಚ್ಚಿ," ಎಂದೆ. "ನಾನೂ ಇವತ್ತೇ ಮೊದಲ ಸಲ ನೋಡ್ತಾ ಇದೀನಿ."