ಕ್ಯಾತಮ್ಮ ಕೇಳಬೇಕೆಂದ ಸದ್ದು

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಹಳೆಯ ಎಂಜಿನ್ ಯಾವುದನ್ನೇ ಮೊದಲ ಸಲ ಚಾಲೂ ಮಾಡಿದರೂ ಗಡಿಯಾರ ನೋಡಿ ಹೊತ್ತು ಬರೆದಿಟ್ಟುಕೊಳ್ಳುವುದು ನನ್ನ ಚಟ. ಹೆರಿಗೆ ಆಸ್ಪತ್ರೆಯಲ್ಲಿ ದಾದಿಯರು ಬರೆದುಕೊಳ್ಳುತ್ತಾರಲ್ಲ, ಹಾಗೆ. ಆವತ್ತೂ ಬರೆದೆ. ಪೆನ್ನಿಗೆ ಮುಚ್ಚಳ ಹಾಕುವಷ್ಟರಲ್ಲಿ ಎಂಜಿನ್ನಿಗೆ ಹುಚ್ಚು ಹಿಡಿಯಿತು. ಆ ಮುಚ್ಚಳ ಇಂದಿಗೂ ಸಿಕ್ಕಿಲ್ಲ.

ನಾನು ಚಿತ್ರದುರ್ಗದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಜನ ನಾಣ್ಯ ಕೂಡಿಡುತ್ತಾರೆ, ಅಂಚೆಚೀಟಿ ಕೂಡಿಡುತ್ತಾರೆ. ಅವು ಕಪಾಟಿನಲ್ಲಿ ಹಿಡಿಸುತ್ತವೆ. ನಾನು ಹಳೆಯ ಸಣ್ಣ ಎಂಜಿನ್‌ಗಳನ್ನು ಕೂಡಿಡುತ್ತೇನೆ. ಅವು ಎಲ್ಲಿಯೂ ಹಿಡಿಸುವುದಿಲ್ಲ. ಹಿರಿಯೂರಿನ ಗುಜರಿಯಿಂದ ತಂದ ಹಿಟ್ಟಿನ ಗಿರಣಿಯ ಎಂಜಿನ್, ಹೊಳಲ್ಕೆರೆಯಲ್ಲಿ ಸಿಕ್ಕ ಟೂರಿಂಗ್ ಟಾಕೀಸಿನ ಎಂಜಿನ್ ಎಲ್ಲವೂ ಹಿತ್ತಲಲ್ಲಿವೆ. ನನ್ನ ಹೆಂಡತಿ ಸುಮಾ ಬಟ್ಟೆ ಒಣಹಾಕಿ ಬರುವುದರೊಳಗೆ ಎರಡು ಸಲವಾದರೂ ಮೊಣಕಾಲು ತಾಗಿಸಿಕೊಳ್ಳುತ್ತಾಳೆ. ಬೈಯುವುದಿಲ್ಲ. ಮೊಣಕಾಲನ್ನು ನನ್ನ ಮುಂದೆ ಉಜ್ಜಿಕೊಳ್ಳುತ್ತಾಳೆ.

ಹಳೆಯ ಎಂಜಿನ್ನಿನ ಗುರುತು ಹಿಡಿಯುವುದೂ ಒಂದು ವಿದ್ಯೆ. ಹೆಸರು ಕೊರೆದ ಹಿತ್ತಾಳೆಯ ಫಲಕ ಎಲ್ಲಕ್ಕಿಂತ ಮೊದಲು ಮಾಯವಾಗಿರುತ್ತದೆ. ಉಳಿಯುವುದು ಎರಕದ ಮೇಲೆ ಉಬ್ಬಿದ ಅಂಕಿಗಳು, ಗಾಲಿಗೆ ಎಷ್ಟು ಕಡ್ಡಿ ಎಂಬ ಎಣಿಕೆ, ಎಣ್ಣೆ ಬಟ್ಟಲಿನ ಆಕಾರ. ಬಣ್ಣವನ್ನು ಉಗುರಿನಿಂದ ಕೆರೆದರೆ ಹಿಂದಿನ ದಿನಗಳು ಪದರ ಪದರವಾಗಿ ಕಾಣುತ್ತವೆ. ಮೇಲೆ ಗಾಡಿಗೆ ಬಳಿದು ಮಿಕ್ಕ ನೀಲಿ, ಅದರ ಕೆಳಗೆ ಬಾಗಿಲಿಗೆ ಬಳಿದು ಮಿಕ್ಕ ಕೆಂಪು, ತೀರ ತಳದಲ್ಲಿ ಕಾರ್ಖಾನೆಯ ಹಸಿರು. ಆ ಹಸಿರು ಕಂಡ ದಿನ ನನಗೆ ಊಟ ಬೇಡ. ನನ್ನಂಥವರಿಗೆ ಹಸಿರೊಂದೇ ನಿಜ, ಮೇಲಿನದೆಲ್ಲ ಕೊಳೆ. ಈ ನಂಬಿಕೆ ಎಷ್ಟು ಅಪಾಯದ್ದು ಎಂದು ಯಾವ ಪಠ್ಯದಲ್ಲೂ ಓದಿರಲಿಲ್ಲ.

ಹಿರೇಗುಂಟನೂರಿನ ಆಚೆ ಕ್ಯಾತಮ್ಮ ಎಂಬುವರ ಹೊಲದಲ್ಲಿ, ಹಳೆಯ ಬಾವಿಯ ಪಕ್ಕ, ಹೆಂಚಿನ ಪುಟ್ಟ ಮನೆಯೊಳಗೆ ಐದು ಕುದುರೆ ಶಕ್ತಿಯ ಡೀಸೆಲ್ ಎಂಜಿನ್ನೊಂದು ಕೂತಿದೆಯೆಂದು ಬಸ್ಸಿನಲ್ಲಿ ಪಕ್ಕ ಕೂತವರು ಹೇಳಿದರು. ಮುಂದಿನ ಭಾನುವಾರವೇ ಹೋದೆ. ಕ್ಯಾತಮ್ಮನಿಗೆ ಎಪ್ಪತ್ತು ದಾಟಿರಬೇಕು. ಕುರಿ ಸಾಕಿದ ಮನೆತನ. ಈಗ ಮಗ ಸೊಸೆ ಅದೇ ಹೊಲದಲ್ಲಿ ಈರುಳ್ಳಿ ಬೆಳೆಯುತ್ತಾರೆ, ಕೊಳವೆಬಾವಿಯ ನೀರಿನಲ್ಲಿ. ಹಳೆಯ ಬಾವಿಯಲ್ಲಿ ಪಾರಿವಾಳಗಳಿವೆ.

"ತಗಂಡು ಹೋಗ್ರಿ ಮೇಷ್ಟ್ರೇ, ಕಬ್ಬಿಣ ಇಟ್ಕಂಡು ನಾನೇನ್ ಮಾಡ್ಲಿ?" ಎಂದಿತು ಅಜ್ಜಿ. "ಆದ್ರೆ ಹೊರಡಾಕ್ ಮುಂಚೆ ಒಂದ್ಸಲ ಅದ್ರ ಸದ್ದು ಕೇಳಿಸ್ಬೇಕು. ನಮ್ಮ ಯಜಮಾನ್ರು ಹೋದ್ ಮ್ಯಾಲೆ ಯಾರೂ ಅದನ್ನ ಹಚ್ಚಿಲ್ಲ."

"ಈಗಿನ ಮೋಟಾರಿಗೆ ಸದ್ದೇ ಇಲ್ಲ, ಅಲ್ವಾ?" ಎಂದೆ.

"ಅದು ನೆಲದೊಳಗೆ ಕುಂತೈತೆ. ಬದುಕೈತೋ ಸತ್ತೈತೋ, ನೀರು ಬಂದ್ರೇ ಗೊತ್ತು."

ಆ ಮಾತು ನನ್ನ ತಲೆಯಲ್ಲಿ ಬಹಳ ದಿನ ಸುತ್ತಿತು. ಹಿಂದೆ ಕಪಿಲೆಯಲ್ಲಿ ನೀರೆತ್ತುವಾಗ ಎತ್ತುಗಳ ಜೊತೆ ಮನುಷ್ಯ ಹಾಡುತ್ತಿದ್ದನಂತೆ. ಹಾಡು ಹೋಗಿ ಎಂಜಿನ್ನಿನ ಟುಕ್ ಟುಕ್ ಬಂತು. ಈಗ ಅದೂ ಇಲ್ಲ. ನೀರು ಆಳಕ್ಕೆ ಇಳಿದಷ್ಟೂ ಹೊಲಗಳು ಮೂಕವಾಗುತ್ತ ಬಂದಿವೆ. ಹೀಗೆಲ್ಲ ಚಿಂತಿಸುತ್ತ ಆರು ಭಾನುವಾರ ಆ ಎಂಜಿನ್ನನ್ನು ಕಳಚಿ, ಸೀಮೆಎಣ್ಣೆಯಲ್ಲಿ ತೊಳೆದು, ಜೋಡಿಸಿದೆ. ಅದರ ವೇಗವನ್ನು ಹಿಡಿತದಲ್ಲಿಡುವ ಗೌರ್ನರಿನ ಹತ್ತಿರ ಯಾರೋ ಸೈಕಲ್ ಟ್ಯೂಬಿನ ಪಟ್ಟಿಯೊಂದನ್ನು ಬಿಗಿಯಾಗಿ ಸುತ್ತಿದ್ದರು. ಕಾರ್ಖಾನೆಯವರು ಸೈಕಲ್ ಟ್ಯೂಬು ಸುತ್ತಿ ಕಳಿಸುವುದಿಲ್ಲವಲ್ಲ! ಬಿಚ್ಚಿ ಎಸೆದೆ.

ಏಳನೆಯ ಭಾನುವಾರ ಕ್ಯಾತಮ್ಮನಿಗೆ ಗೌರವದ ಆಸನ ಹಾಕಿಸಿದೆ. ಎಂಜಿನ್ ಮನೆಯೊಳಗೇ, ಗಾಲಿಯಿಂದ ನಾಲ್ಕು ಮೊಳ ದೂರದ ಕಲ್ಲಿನ ಮೇಲೆ ಅಜ್ಜಿ ತನ್ನ ಕರಿ ಕಂಬಳಿ ಮಡಿಸಿ ಹಾಕಿಕೊಂಡು ಕೂತಿತು. ನಾನು ಹ್ಯಾಂಡಲ್ ಹೊಡೆದೆ. ಎಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಹನ್ನೊಂದೂ ಹತ್ತು.

ಆಮೇಲೆ ಟುಕ್ ಟುಕ್ ಎನ್ನುವುದು ಬಿಟ್ಟು ಅದು ಒಂದೇ ಸಮ ಕಿರುಚತೊಡಗಿತು. ವೇಗ ಏರಿತು, ಇನ್ನೂ ಏರಿತು. ಗಾಲಿಯ ಕಡ್ಡಿಗಳು ಮಾಯವಾಗಿ ಬರೀ ಹೊಳಪು ಉಳಿಯಿತು. ಇಂಧನ ನಿಲ್ಲಿಸುವ ಸನ್ನೆಕೋಲನ್ನು ಎಳೆದೆ, ಅದು ಏನಕ್ಕೂ ಸಂಬಂಧವಿಲ್ಲದಂತೆ ಕೈಯಲ್ಲಿ ಅಲ್ಲಾಡಿತು. ನೆಲ ನಡುಗಿತು, ಹೆಂಚು ಉದುರಿದವು. ಅಷ್ಟು ತೂಕದ ಗಾಲಿ ಆ ವೇಗದಲ್ಲಿ ಒಡೆದರೆ ಚೂರುಗಳು ಎಲ್ಲಿಗೆ ಹಾರುತ್ತವೆ ಎಂಬುದನ್ನು ನಾನು ಪ್ರತಿವರ್ಷ ಕಪ್ಪು ಹಲಗೆಯ ಮೇಲೆ ಬಾಣದ ಗುರುತು ಹಾಕಿ ಕಲಿಸುತ್ತೇನೆ. ಅಷ್ಟು ಗೊತ್ತಿದ್ದವನು ಏನು ಮಾಡಿದೆ? ಓಡಿದೆ. ಬಾವಿಯ ಕಟ್ಟೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಇಣುಕಿದೆ.

ಅಲ್ಲಿಂದ ಕಂಡದ್ದು ಇದು. ಕ್ಯಾತಮ್ಮ ಎದ್ದಿತು. ಮೊದಲು ಸೆರಗನ್ನು ಬಿಗಿಯಾಗಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿತು. ಆಮೇಲೆ ಕಂಬಳಿ ತೆಗೆದುಕೊಂಡು, ಗಾಲಿಯನ್ನು ಬಳಸಿ ಆಚೆ ಬದಿಗೆ ಹೋಗಿ, ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಗೆ ಅದನ್ನು ಒತ್ತಿ ಹಿಡಿಯಿತು. ಎಂಜಿನ್ ಕಂಬಳಿಯನ್ನು ಹೀರಿತು, ಅಜ್ಜಿ ಬಿಡಲಿಲ್ಲ. ಉಸಿರು ಕಟ್ಟಿದ ಪ್ರಾಣಿಯ ಹಾಗೆ ಅದು ನಾಲ್ಕು ಸಲ ಒದ್ದಾಡಿ ನಿಂತುಹೋಯಿತು.

ನಾನು ಕಟ್ಟೆಯ ಹಿಂದಿನಿಂದ ಎದ್ದು ಬಂದೆ. ಅಜ್ಜಿ ಕಂಬಳಿ ಕೊಡವುತ್ತ, "ಎಲ್ಲಿಗ್ ಹೋಗಿದ್ರಿ ಮೇಷ್ಟ್ರೇ?" ಎಂದು ಕೇಳಿತು. ಆಮೇಲೆ ಸಣ್ಣ ದನಿಯಲ್ಲಿ, "ಇದು ಅದ್ರ ಸದ್ದಲ್ಲ" ಎಂದಿತು.

ಮನೆಗೆ ಬಂದೆ, ಊಟ ಮಾಡಿದೆ, ಮಲಗಿದೆ. ನಿದ್ದೆ ಮಾತ್ರ ಬರಲಿಲ್ಲ. ಫ್ಯಾನಿನ ಸದ್ದು ಏರುತ್ತಿದೆ ಎನಿಸಿ ಎದ್ದು ಆರಿಸುತ್ತಿದ್ದೆ. ಸುಮಾ ಮಿಕ್ಸಿ ಹಾಕಿದರೆ ಅಂಗಳಕ್ಕೆ ಬರುತ್ತಿದ್ದೆ. ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಗಾಲಿಯಲ್ಲ, ಸೆರಗು ಸಿಕ್ಕಿಸಿಕೊಂಡ ಆ ಕೈ. ಅದೊಂದನ್ನು ಮರೆತಿದ್ದರೆ ಗಾಲಿ ಸೆರಗನ್ನು ಎಳೆದುಕೊಳ್ಳುತ್ತಿತ್ತು. ದಿನಕ್ಕೆ ಹತ್ತು ಸಲ ಮನಸ್ಸಿನಲ್ಲೇ ಅಜ್ಜಿ ಸೆರಗು ಮರೆಯುತ್ತಿತ್ತು, ದಿನಕ್ಕೆ ಹತ್ತು ಸಲ ನಾನು ಕಟ್ಟೆಯ ಹಿಂದೆ ಓಡುತ್ತಿದ್ದೆ.

ಒಂದು ಶನಿವಾರ ಹೊಸದುರ್ಗದ ಲೇತ್ ಅಂಗಡಿಗೆ ಹೋಗಿ, ನನಗೆ ಪರಿಚಯದ ರಹಮತ್ ಸಾಬರಿಗೆ ಎಲ್ಲ ಹೇಳಿದೆ. ಅವರು ಬೀಡಿ ಆರಿಸಿ ಕೇಳಿದರು. "ನೀವು ಗೌರ್ನರ್ ಹತ್ರ ಏನ್ ತೆಗೆದ್ರಿ ಸಾರ್?"

"ಏನೂ ಇಲ್ಲ. ಒಂದು ಟ್ಯೂಬಿನ ಪಟ್ಟಿ, ಕೊಳೆ."

"ಒಳಗೆ ಪಿನ್ನು ಸವೆದಿರ್ತದೆ. ಅದು ಜಾರದಂಗೆ ಪಟ್ಟಿ ಹಿಡ್ಕಂಡಿತ್ತು. ನೀವು ಬಿಚ್ಚಿದ್ರಿ, ಪಿನ್ನು ಬಿತ್ತು, ಡೀಸೆಲ್ ಪೂರಾ ಬಿಟ್ಕಂಡ್ತು. ಓದಿದೋರ ಕೈಗೆ ಹಳೇ ಎಂಜಿನ್ ಸಿಕ್ರೆ ಮದ್ವೆ ಹೆಣ್ಣಿನಂಗೆ ತೊಳೀತೀರಿ. ಅದು ಕೊಳೆ ಅಲ್ಲ ಸಾರ್, ಆ ಯಜಮಾನ್ರ ಅಕಲ್ಲು."

ಹೊಸ ಪಿನ್ನು ಕಡೆದು, ಜಾರದಂತೆ ತುದಿಗೆ ಕೀಲನ್ನೂ ಕೊಟ್ಟರು. "ಇದು ಮಾಡ್ಕೊಡ್ತೀನಿ. ಧೈರ್ಯ ಲೇತಲ್ಲಿ ಕಡೆಯಾಕಾಗಲ್ಲ" ಎಂದರು.

ಅದು ನಿಜವಾಯಿತು. ಪಿನ್ನು ಅಂಗಿಯ ಜೇಬಿನಲ್ಲೇ ಎರಡು ಭಾನುವಾರ ಕಳೆಯಿತು. ಮೊದಲನೆಯದಕ್ಕೆ ಮೌಲ್ಯಮಾಪನದ ನೆಪ, ಎರಡನೆಯದಕ್ಕೆ ನೆಂಟರ ನೆಪ. ಅಲ್ಲೊಂದು ಜೀವ ಒಂದು ಸದ್ದಿಗಾಗಿ ಕಾದಿದೆ ಎಂಬುದು ಗೊತ್ತಿದ್ದೂ ಕಾಲು ಏಳುತ್ತಿರಲಿಲ್ಲ. ಕೊನೆಗೆ ಮಗನ ಮೊಬೈಲಿನಿಂದ ಅಜ್ಜಿಯೇ ಫೋನ್ ಮಾಡಿತು.

"ಏನ್ ಮೇಷ್ಟ್ರೇ, ಹೆದ್ರಿಕಂಡ್ರಾ? ಬರ್ರಿ ಬರ್ರಿ. ಕಂಬ್ಳಿ ಒಗೆದು ಒಣಗ್ಸಿಟ್ಟೀನಿ."

ಹೋದೆ. ಪಿನ್ನು ಕೂಡಿಸಿದೆ, ಕೀಲು ಹಾಕಿದೆ, ಇಪ್ಪತ್ತು ಸಲ ಅಲ್ಲಾಡಿಸಿ ನೋಡಿದೆ. ಈ ಸಲ ಕಲ್ಲನ್ನು ಬಾಗಿಲಾಚೆ ಹಾಕಿಸಿ, "ಇಲ್ಲಿ ಕೂತ್ಕೊಳ್ಳಿ ಅಮ್ಮ" ಎಂದೆ. ಅಜ್ಜಿ ಕೂರಲಿಲ್ಲ.

"ಇಲ್ಲಿ ಕುಂತು ಯಾವತ್ತು ಕೇಳೀನಿ ನಾನು? ಮನೇಲಿ ಇರ್ತಿದ್ದೆ. ಅಲ್ಲೀಗಂಟ ಕೇಳ್ತಿತ್ತು. ಸದ್ದು ಬರ್ತಿದ್ರೆ ಯಜಮಾನ್ರು ನೆಟ್ಟಗವ್ರೆ ಅಂತ. ನೀವ್ ಹಚ್ರಿ, ನಾನ್ ಮನೀಗೆ ಹೋಗ್ತೀನಿ. ನಿಲ್ಸಬ್ಯಾಡ್ರಿ ಮತ್ತೆ, ಡೀಸೆಲ್ ಮುಗಿಯಾಗಂಟ ಓಡ್ಲಿ."

ಕಂಬಳಿಯನ್ನು ನನ್ನ ಕೈಗೆ ಕೊಟ್ಟು ಈರುಳ್ಳಿ ಮಡಿಗಳ ನಡುವೆ ಹೊರಟೇಬಿಟ್ಟಿತು. ಮನೆ ಅಲ್ಲಿಂದ ಎರಡು ಹೊಲದಾಚೆ. ಅಜ್ಜಿ ಚಿಕ್ಕದಾಗಿ, ಬಾಗಿಲಲ್ಲಿ ಮರೆಯಾಗುವವರೆಗೂ ನೋಡುತ್ತ ನಿಂತೆ. ಓಡಿಹೋಗಲು ಆಗ ಯಾರ ಅಡ್ಡಿಯೂ ಇರಲಿಲ್ಲ. ಆದರೆ ಎಂಜಿನ್ ಜೊತೆ ಯಾರಾದರೂ ಇದ್ದರೇ ಆ ಸದ್ದಿಗೆ ಅರ್ಥ.

ಹ್ಯಾಂಡಲ್ ಹೊಡೆದೆ. ಟುಕ್. ತಡೆದು, ಇನ್ನೊಂದು ಟುಕ್. ಆಮೇಲೆ ಎತ್ತು ನಡೆದ ಹಾಗೆ ನಿಧಾನವಾಗಿ, ಒಂದೇ ಹದದಲ್ಲಿ. ಹತ್ತು ನಿಮಿಷ ಒಂದು ಕೈ ಸನ್ನೆಕೋಲಿನ ಮೇಲೆ, ಇನ್ನೊಂದು ಕೈಯಲ್ಲಿ ಕಂಬಳಿ. ವೇಗ ಏರಲಿಲ್ಲ. ಬಾವಿಯಿಂದ ಹಾರಿಹೋಗಿದ್ದ ಪಾರಿವಾಳಗಳು ಒಂದೊಂದೇ ಹಿಂದಿರುಗಿದವು. ಅವುಗಳಿಗಿದ್ದಷ್ಟು ನಂಬಿಕೆ ನನಗೂ ಬಂದ ಮೇಲೆ ಕಂಬಳಿ ಹಾಸಿಕೊಂಡು ಕೂತೆ. ಮುಕ್ಕಾಲು ಗಂಟೆ ಹಾಗೆ ಕೂತಿದ್ದೆ. ಹೊತ್ತು ಬರೆದುಕೊಳ್ಳುವುದು ಮರೆತುಹೋಯಿತು.

ಡೀಸೆಲ್ ಮುಗಿದು ಎಂಜಿನ್ ನಿಂತಿತು. ಹೊಲ ದಾಟಿ ಮನೆಗೆ ಹೋದಾಗ ಕ್ಯಾತಮ್ಮ ಒಲೆಯ ಮುಂದೆ ಕೂತು ಮುದ್ದೆ ಕಟ್ಟಿ ತಟ್ಟೆಗೆ ಹಾಕುತ್ತಿತ್ತು. ಹಬೆಯಾಡುತ್ತಿತ್ತು.

"ಕೇಳಿಸ್ತಾ ಅಮ್ಮ?"

"ಕೇಳಿದ್ದಕ್ಕೇ ಅಲ್ವಾ ಎಸರಿಟ್ಟಿದ್ದು. ಎಂಜಿನ್ ನಿಂತ್ ಮ್ಯಾಲೆ ಬಾವಿಯಿಂದ ಇಲ್ಲೀಗೆ ಬರಾಕೆ ಎಷ್ಟು ಹೊತ್ತಾಗ್ತೈತೆ ಅಂತ ನಂಗೊತ್ತು. ಕುಂತ್ಕಳ್ರಿ, ಬಿಸಿ ಆರ್ತೈತೆ." ಒಲೆಯ ಕಡೆ ತಿರುಗಿ ಸೌದೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಸರಿಪಡಿಸಿತು. ನಾನು ಕೈ ತೊಳೆಯುವಾಗ, "ಇನ್ನ ತಗಂಡು ಹೋಗ್ರಿ ಅದನ್ನ" ಎಂದಿತು.

"ಇವತ್ತು ಟೆಂಪೊ ಸಿಗಲಿಲ್ಲ ಅಮ್ಮ" ಎಂದೆ. ಆಗಿನಿಂದ ನನಗೆ ಟೆಂಪೊ ಸಿಕ್ಕೇ ಇಲ್ಲ. ತಿಂಗಳಿಗೊಮ್ಮೆ ಹೋಗಿ ಎರಡು ಲೀಟರ್ ಡೀಸೆಲ್ ಸುಟ್ಟು, ಉಂಡು ಬರುತ್ತೇನೆ.

ಎಂಜಿನ್ ಸರಿಯಾಗಿ ಓಡಿದ ಆ ಭಾನುವಾರ ರಾತ್ರಿ ಒಂಬತ್ತಕ್ಕೆ ಮಲಗಿದವನು ಎದ್ದಾಗ ಬಿಸಿಲು ಕಾಲಿಗೆ ಬಂದಿತ್ತು. ಫ್ಯಾನು ರಾತ್ರಿಯೆಲ್ಲ ತಿರುಗಿತ್ತು. ಮೊದಲ ಗಂಟೆಯ ಪಾಠ ತಪ್ಪಿತು. ಸುಮಾ ಕೂಡ ಆಗಷ್ಟೇ ಎದ್ದು ಕೂದಲು ಕಟ್ಟಿಕೊಳ್ಳುತ್ತಿದ್ದಳು.

"ನನ್ನನ್ನು ಎಬ್ಬಿಸಬಾರದಿತ್ತಾ?" ಎಂದೆ.

"ನಂಗೆಲ್ಲಿ ಎಚ್ಚರ ಇತ್ತು? ಎಷ್ಟೋ ದಿನ ಆದ್ಮೇಲೆ ನೀವು ಗೊರಕೆ ಹೊಡೆದ್ರಲ್ರೀ" ಎಂದಳು. "ಕೇಳ್ತಾ ಕೇಳ್ತಾ ನಂಗೂ ಕಣ್ಣು ಹತ್ತಿಬಿಡ್ತು."