ಬಾಲ್ಕನಿಯಲ್ಲಿ ನಿಂತು ಬರೆದವರು

ಆರ್ಡಿಸ್ ಕ್ವಾಮ ನಮ್ಮ ರಾಜ್ಯದ ರಾಜಕೀಯವನ್ನು ಇಪ್ಪತ್ತೇಳು ವರ್ಷ ನಿಂತುಕೊಂಡೇ ಬರೆದರು. ಇದು ಅಲಂಕಾರದ ಮಾತಲ್ಲ. ಅಮೆರಿಕದ ಉತ್ತರದ ಗೋಧಿ ಬಯಲಿನ ನಮ್ಮ ಪುಟ್ಟ ರಾಜಧಾನಿಯಲ್ಲಿ ಪತ್ರಕರ್ತರ ಕ್ಲಬ್ಬಿಗೆ ಗಂಡಸರು ಮಾತ್ರ ಸದಸ್ಯರಾಗಿದ್ದರು. ಪ್ರತಿ ಬುಧವಾರ ಮಧ್ಯಾಹ್ನ ಅಲ್ಲಿ ಊಟ. ಊಟ ಮುಗಿಯುತ್ತಿದ್ದಂತೆ ಗವರ್ನರೋ, ಯಾವುದಾದರೂ ಅಭ್ಯರ್ಥಿಯೋ ಎದ್ದು ಮಾತಾಡುತ್ತಿದ್ದರು. ದೊಡ್ಡ ಸುದ್ದಿಗಳೆಲ್ಲ ಅಲ್ಲೇ ಹುಟ್ಟುತ್ತಿದ್ದವು. ಹೆಂಗಸರಿಗೆ ಅಡುಗೆಮನೆಯ ಹಿಂದಿನ ಮೆಟ್ಟಿಲು, ಮೇಲೊಂದು ಇಕ್ಕಟ್ಟಾದ ಬಾಲ್ಕನಿ. ಕುರ್ಚಿ ಇಲ್ಲ, ಊಟ ಇಲ್ಲ, ಪ್ರಶ್ನೆ ಕೇಳುವಂತಿಲ್ಲ. ಹುರಿದ ಮಾಂಸದ, ಬೆಣ್ಣೆ ಹಾಕಿದ ಆಲೂಗಡ್ಡೆಯ ಪರಿಮಳ ಮಾತ್ರ ಯಾರ ಅಪ್ಪಣೆಯೂ ಇಲ್ಲದೆ ಮೇಲೆ ಬರುತ್ತಿತ್ತು.

೧೯೬೨ರ ವಸಂತದಲ್ಲಿ ನಾನು ಆ ಬಾಲ್ಕನಿ ಹತ್ತಿದಾಗ ನನಗೆ ಇಪ್ಪತ್ತಮೂರು ವರ್ಷ. ಆರ್ಡಿಸ್ ಬೇರೊಂದು ಪತ್ರಿಕೆಯವರು, ಐವತ್ತೆರಡರ ಆಸುಪಾಸು. ಬೀಟ್‌ರೂಟ್ ಬೆಳೆಯುವ ಮನೆಯ ಮಗಳು. ಎರಡನೇ ಮಹಾಯುದ್ಧಕ್ಕೆ ಗಂಡಸರು ಹೋದಾಗ ಪತ್ರಿಕೆಯಲ್ಲಿ ಖಾಲಿಯಾದ ಮೇಜಿನಲ್ಲಿ ಅವರನ್ನು ಕೂರಿಸಿದರು; ಗಂಡಸರು ಮರಳಿದಾಗ ಅಡುಗೆ ಪುಟಕ್ಕೆ ಹೋಗು ಎಂದರು. ಅವರು ಬೆಳಿಗ್ಗೆ ಅಡುಗೆ ಪುಟ ಮುಗಿಸಿ ಮಧ್ಯಾಹ್ನ ವಿಧಾನಸಭೆಗೆ ಹೊರಟರು. ಬೇಡ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಸೊಂಟ ನೋಯುತ್ತಿದ್ದುದರಿಂದ ಒಂದು ಕಾಲಿಗೆ ಭಾರ ಕೊಟ್ಟು, ಬಾಲ್ಕನಿಯ ಕಟಕಟೆಯ ಮೇಲೆ ನೋಟ್‌ಬುಕ್ ಇಟ್ಟು ಬರೆಯುತ್ತಿದ್ದರು. ಮೊದಲ ದಿನ ನನಗೆ ಅರ್ಧ ಬ್ರೆಡ್ಡು ಮುರಿದು ಕೊಟ್ಟರು.

"ನಮ್ ಲೀಡರ್‌ಗಳ ಬೋಳುತಲೆ ಎಲ್ಲ ನಂಗೆ ಬಾಯಿಪಾಠ," ಎಂದರು. "ರಸ್ತೇಲಿ ಎದುರಿಗೆ ಸಿಕ್ಕಿದ್ರೆ ಯಾರು ಅಂತ ಗೊತ್ತಾಗಲ್ಲ."

ಬಾಲ್ಕನಿಯಲ್ಲಿ ನಾವು ಐವರು. ಕ್ಲಬ್ಬಿನವರನ್ನು ಕೇಳಿ ಪ್ರಯೋಜನವಿಲ್ಲ ಎಂದು ಆರ್ಡಿಸ್‌ಗೆ ಎಂದೋ ತಿಳಿದಿತ್ತು. ಅವರು ಪತ್ರ ಬರೆಯುತ್ತಿದ್ದುದು ಅಲ್ಲಿಗೆ ಮಾತಾಡಲು ಬರುವವರಿಗೆ: ನಮ್ಮನ್ನು ಕೆಳಗೆ ಕೂರಿಸುವ ತನಕ ನೀವು ಅಲ್ಲಿ ಮಾತಾಡಬೇಡಿ. ಮೂರು ವರ್ಷ ಬರೆದರು. ಹೆಚ್ಚಿನವರು ಉತ್ತರಿಸಲಿಲ್ಲ, ಉತ್ತರಿಸಿದವರು ತಮ್ಮ ಹೆಂಡತಿಯರ ಶುಭಾಶಯ ತಿಳಿಸಿದರು. ಆ ಸೆಪ್ಟೆಂಬರಿನಲ್ಲಿ ಮಾತ್ರ ಗವರ್ನರ್ ಹುದ್ದೆಗೆ ನಿಂತಿದ್ದ ರಾಯಲ್ ಟಾಸ್ಟ್ರುಡ್ ಎಂಬವರು ಒಪ್ಪಿದರು. ಮೇಜಿನಲ್ಲಿ ಹೆಂಗಸರಿಲ್ಲದಿದ್ದರೆ ತಾನು ಬರುವುದಿಲ್ಲ ಎಂದು ಕ್ಲಬ್ಬಿಗೆ ತಿಳಿಸಿದರು.

ಕ್ಲಬ್ಬು ಎರಡು ದಿನ ಯೋಚಿಸಿ ಒಂದು ಕುರ್ಚಿ ಕೊಡುತ್ತೇವೆ ಎಂದಿತು. ಒಂದೇ. ಯಾರೆಂದು ನೀವೇ ಆರಿಸಿಕೊಳ್ಳಿ ಎಂದಿತು.

ನಾವು ಐವರೂ ಆರ್ಡಿಸ್‌ರ ಅಡುಗೆಮನೆಯಲ್ಲಿ ಸೇರಿದೆವು. ಒಬ್ಬಳು ಕೂತರೆ ಟಾಸ್ಟ್ರುಡ್ ಮಾತು ಉಳಿಸಿಕೊಂಡಂತೆ, ಕ್ಲಬ್ಬು ಬಾಗಿಲು ತೆರೆದಂತೆ, ಉಳಿದ ನಾಲ್ವರ ಕತೆ ಮುಗಿದಂತೆ ಎಂದು ಆರ್ಡಿಸ್ ಬಿಡಿಸಿ ಹೇಳಿದರು. ಕೂತರೆ ಐವರೂ, ಇಲ್ಲವಾದರೆ ಯಾರೂ ಇಲ್ಲ. ಎಲ್ಲರಿಗಿಂತ ಮೊದಲು ತಲೆಯಾಡಿಸಿದವಳು ನಾನು.

ಮಂಗಳವಾರ ಸಂಜೆ ನನ್ನ ಸಂಪಾದಕ ಹಾಲ್ವರ್ ಡಾಲ್ ಕರೆದರು. ಕ್ಲಬ್ಬಿನಿಂದ ಫೋನ್ ಬಂದಿತ್ತಂತೆ. ಆ ಚಿಕ್ಕ ಹುಡುಗಿಯಾದರೆ ಅಡ್ಡಿಯಿಲ್ಲ ಎಂದಿದ್ದರಂತೆ.

"ನಾಳೆ ನೀನು ಕೆಳಗೆ ಕೂತ್ಕೊ, ಲೋರ್ನಾ."

ನಾವು ಮಾತಾಡಿಕೊಂಡಿದ್ದೇವೆ ಎಂದೆ.

"ನಿಂಗೆ ಕೆಲ್ಸ ಕೊಟ್ಟಿರೋದು ಆರ್ಡಿಸಾ, ನಾನಾ? ನಾಳಿದ್ದು ಮುಖಪುಟದಲ್ಲಿ ನಿನ್ ಹೆಸ್ರು ಹಾಕ್ತೀನಿ. ಯೋಚ್ನೆ ಮಾಡು."

ಆಗಬಹುದು ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ಆರ್ಡಿಸ್‌ರ ಮನೆ ನನ್ನ ಕೋಣೆಯಿಂದ ಎರಡು ಬೀದಿ ಆಚೆ. ಹೋಗಿ ಹೇಳಬಹುದಿತ್ತು. ನಾನು ನೀಲಿ ಉಡುಪಿಗೆ ಇಸ್ತ್ರಿ ಹಾಕಿದೆ.

ಮರುದಿನ ಮುಂಬಾಗಿಲಿನಿಂದ ಒಳಗೆ ಹೋದೆ. ಯಾರೋ ನನ್ನ ಕೋಟು ತೆಗೆದುಕೊಂಡರು, ಯಾರೋ ಕುರ್ಚಿ ಎಳೆದು ಕೊಟ್ಟರು. ಬಲಗಡೆ ಕೂತವನು ಗಾಳಿ ಜಾಸ್ತಿಯಾ ಎಂದು ವಿಚಾರಿಸಿದ. ಮೇಲೆ ನೋಡಬಾರದೆಂದುಕೊಂಡೇ ನೋಡಿದೆ. ಕಟಕಟೆಯಲ್ಲಿ ನಾಲ್ಕು ಮುಖ. ಆರ್ಡಿಸ್ ನನ್ನತ್ತ ನೋಡುತ್ತಿರಲಿಲ್ಲ, ಪೆನ್ಸಿಲ್ ಚೂಪು ಮಾಡುತ್ತಿದ್ದರು.

ಮೇಜಿನಲ್ಲಿ ಯಾರೂ ನೋಟ್‌ಬುಕ್ ತೆಗೆದಿರಲಿಲ್ಲ. ತೆಗೆದರೆ ಅನಾಗರಿಕಳಂತೆ ಕಾಣುತ್ತೇನೆ ಎಂದು ನಾನೂ ಚೀಲದಲ್ಲೇ ಬಿಟ್ಟೆ. ಆ ಗಂಡಸರಿಗೆಲ್ಲ ಭಾಷಣದ ಪ್ರತಿ ಮೊದಲೇ ಕೈಸೇರಿರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಟಾಸ್ಟ್ರುಡ್ ಅಣೆಕಟ್ಟಿನ ಬಗ್ಗೆ, ಶಾಲಾ ತೆರಿಗೆಯ ಬಗ್ಗೆ ಮಾತಾಡಿದರು. ಯಾವ ಚಾಕುವಿನಿಂದ ಏನು ಕತ್ತರಿಸಬೇಕು ಎಂಬುದರಲ್ಲೇ ನನ್ನ ಗಮನವೆಲ್ಲ ಕಳೆಯಿತು.

ಪ್ರಶ್ನೆಗಳ ಸರದಿ ಬಂತು. ಕೊನೆಯಲ್ಲಿ ಕ್ಲಬ್ಬಿನ ಅಧ್ಯಕ್ಷರು ನನ್ನ ಕಡೆ ತಿರುಗಿದರು.

"ನಮ್ ಮಿಸ್ ಬ್ರೆಕೆ ಏನಾದ್ರೂ ಕೇಳ್ತಾರಾ?"

ಆರ್ಡಿಸ್ ಎಷ್ಟೋ ವರ್ಷಗಳಿಂದ ಕೇಳಲಾಗದಿದ್ದ ಪ್ರಶ್ನೆಗೆ ಬೇಕಾಗಿದ್ದದ್ದು ಅಷ್ಟೇ, ಅರ್ಧ ನಿಮಿಷ. ಮೇಲಿರುವ ನಾಲ್ವರು ಯಾವಾಗ ಕೆಳಗೆ ಬರುತ್ತಾರೆ ಎಂದು ಅಭ್ಯರ್ಥಿಯನ್ನೂ ಅಧ್ಯಕ್ಷರನ್ನೂ ಒಟ್ಟಿಗೇ, ಎಲ್ಲರೆದುರು ಕೇಳಿಬಿಡಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜವಲ್ಲ. ಏನೂ ಬಂದಿರಲಿಲ್ಲ. ಅಷ್ಟು ಜನ ನಗುಮುಖದಿಂದ ನನ್ನನ್ನೇ ನೋಡುತ್ತಿದ್ದರು. ಆ ನಗು ಹಾಗೇ ಉಳಿಯಲಿ ಎಂಬ ಆಸೆಯೊಂದೇ ನನ್ನಲ್ಲಿದ್ದದ್ದು.

"ಏನಿಲ್ಲ ಸರ್," ಎಂದೆ. "ಊಟ ತುಂಬಾ ಚೆನ್ನಾಗಿತ್ತು."

ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಟಾಸ್ಟ್ರುಡ್ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಆಫೀಸಿಗೆ ಬಂದು ಟೈಪ್‌ರೈಟರ್ ಮುಂದೆ ಕೂತಾಗ ನನ್ನ ಬಳಿ ಒಂದು ಸಾಲೂ ಇರಲಿಲ್ಲ. ಅಣೆಕಟ್ಟು ಎಂದಷ್ಟೇ ನೆನಪಿತ್ತು; ಕಟ್ಟುತ್ತೇನೆ ಎಂದರೋ ಬೇಡ ಎಂದರೋ ತಿಳಿಯಲಿಲ್ಲ. ನಾಲ್ಕು ಗಂಟೆಗೆ ಆರ್ಡಿಸ್‌ಗೆ ಫೋನ್ ಮಾಡಿದೆ. ಮಾಡಲು ಇನ್ಯಾರೂ ಇರಲಿಲ್ಲ. ಅವರು "ಬರ್ಕೋ," ಎಂದರು. ಅಣೆಕಟ್ಟು, ತೆರಿಗೆ, ಅಂಕಿಗಳು, ಟಾಸ್ಟ್ರುಡ್ ತಡವರಿಸಿದ ಜಾಗ ಸಹಿತ ಎಲ್ಲವನ್ನೂ ನಿಧಾನವಾಗಿ ಓದಿ ಹೇಳಿದರು. ಕ್ಷಮಿಸಿ ಎನ್ನಲು ಹೋದೆ. "ತೆರಿಗೆ ಅಂಕಿ ಇನ್ನೊಂದ್ಸಲ ಓದ್ಲಾ?" ಎಂದರು.

ಮರುದಿನ ಮುಖಪುಟದಲ್ಲಿ ನನ್ನ ಹೆಸರು ಬಂತು. ಊರಿನಲ್ಲಿ ಅಮ್ಮ ಅದನ್ನು ಕತ್ತರಿಸಿ ಇಟ್ಟುಕೊಂಡಳು. ಆರ್ಡಿಸ್‌ರ ವರದಿ ಅವರ ಪತ್ರಿಕೆಯ ಒಂಬತ್ತನೇ ಪುಟದಲ್ಲಿತ್ತು.

ಮುಂದಿನ ಬುಧವಾರ ಕೆಳಗೆ ಆ ಕುರ್ಚಿ ಇರಲಿಲ್ಲ. ನಾನು ಹಿಂದಿನ ಮೆಟ್ಟಿಲು ಹತ್ತಿ ಹೋದೆ. ಮೂವರು ಮಾತಾಡಿಸಲಿಲ್ಲ. ಆರ್ಡಿಸ್ ಮಾತ್ರ ನೋಟ್‌ಬುಕ್ಕನ್ನು ಸ್ವಲ್ಪ ಸರಿಸಿ, ಕಟಕಟೆಯಲ್ಲಿ ನನ್ನ ಕೈಗೆ ಜಾಗ ಮಾಡಿದರು.

ನವೆಂಬರಿನಲ್ಲಿ ಟಾಸ್ಟ್ರುಡ್ ಗೆದ್ದರು. ಆರ್ಡಿಸ್ ಅವರಿಗೆ ಮತ್ತೆ ಪತ್ರ ಸಿದ್ಧಪಡಿಸಿದರು. ಅವರ ಅಡುಗೆಮನೆಯಲ್ಲಿ ಒಬ್ಬೊಬ್ಬರೇ ಸಹಿ ಹಾಕಿದ ಮೇಲೆ ನಾನು ಪೆನ್ನಿಗೆ ಕೈಚಾಚಿದೆ. ಅವರು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು.

"ನಿನ್ ಹೆಸ್ರು ಬೇಡ. ಅದನ್ ನೋಡಿದ್ರೆ ಅವ್ರು ಊಟದ್ ಮಾತೇ ಎತ್ತೋದು." ಕೋಪವಿರಲಿಲ್ಲ, ಲೆಕ್ಕಾಚಾರದ ದನಿಯಷ್ಟೇ. "ನಂಗೆ ಬೆರಳು ನೋಯುತ್ತೆ. ನೀನು ಟೈಪ್ ಮಾಡ್ಕೊಡು."

ಎಂಟು ವರ್ಷ ಟೈಪ್ ಮಾಡಿಕೊಟ್ಟೆ. ಇಬ್ಬರು ಗವರ್ನರುಗಳಿಗೆ, ಸೆನೆಟರುಗಳಿಗೆ, ಒಬ್ಬ ಬಿಷಪ್ಪರಿಗೆ. ನನ್ನ ಹೆಸರಿಲ್ಲದಿದ್ದರೂ ಅವರು ಆ ಊಟವನ್ನು ಮರೆಯಲಿಲ್ಲ. ನಿಮ್ಮಲ್ಲೇ ಒಬ್ಬರು ಕೂತು ಉಂಡು ಹೊಗಳಿ ಹೋಗಿದ್ದಾರಲ್ಲ ಎಂಬ ಉತ್ತರ ಮತ್ತೆ ಮತ್ತೆ ಬಂತು. ಹಾಗಾಗಿ ಆರ್ಡಿಸ್ ಪ್ರತಿ ಪತ್ರವನ್ನೂ ಒಂದೇ ವಾಕ್ಯದಿಂದ ಶುರುಮಾಡಿಸುತ್ತಿದ್ದರು. ಅದನ್ನು ಹೇಳುವಾಗ ಕಿಟಕಿಯಾಚೆ ನೋಡುತ್ತಿದ್ದರು, ನನ್ನ ಮುಖ ನೋಡಬಾರದೆಂದು ಇರಬೇಕು. ಕೊನೆಕೊನೆಗೆ ಅವರು ಹೇಳುವುದನ್ನು ನಾನು ಕಾಯುತ್ತಿರಲಿಲ್ಲ. ಹಾಳೆ ಸಿಕ್ಕಿಸಿ, ತಾರೀಖು ಹಾಕಿ, ನಾನೇ ಹೊಡೆಯುತ್ತಿದ್ದೆ: ಆ ದಿನ ನಿಮ್ಮ ಮೇಜಿನಲ್ಲಿ ಉಂಡವಳು ನಮ್ಮ ಪರವಾಗಿ ಉಂಡಿರಲಿಲ್ಲ.